ಒನ್ ಟೌನಿನ ಮೇಸ್ತ್ರಿಗಾರ ಕೋಪ

ಮೇಸ್ತ್ರಿಗಾರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವ ಕಾಲದಲ್ಲೋ ಲಾರಿಯ ಫ್ಯಾನ್ ಬೆಲ್ಟಿಗೆ ಸಿಕ್ಕಿ ಕಿತ್ತುಹೋದದ್ದು ಮತ್ತೆ ಬೆಳೆದಿರಲಿಲ್ಲ. ಉಗುರಿದ್ದ ಜಾಗದ ಚರ್ಮ ಮಗುವಿನ ಅಂಗಾಲಿನಂತೆ ನುಣ್ಣಗಿತ್ತು. ಉಳಿದ ಬೆರಳುಗಳೆಲ್ಲ ಗ್ರೀಸಿನಲ್ಲಿ ಕರ್ರಗಾಗಿದ್ದರೂ ಅದೊಂದನ್ನು ಹಳೆಯ ಬನಿಯನ್ನಿನ ತುಂಡಿನಿಂದ ಒರೆಸಿ ಒರೆಸಿ ಶುಚಿಯಾಗಿಟ್ಟುಕೊಳ್ಳುತ್ತಿದ್ದರು. ಬಿಚ್ಚಿದ ಇಂಜಿನ್ನಿನ ಸಿಲಿಂಡರಿನೊಳಗೆ ಆ ಬೆರಳನ್ನು ಇಳಿಬಿಟ್ಟು, ಕಣ್ಣು ಮುಚ್ಚಿ ಒಂದು ಸುತ್ತು ಆಡಿಸಿದರೆ ಎಲ್ಲಿ ಎಷ್ಟು ಸವೆದಿದೆ ಎಂದು ತಿಳಿದುಬಿಡುತ್ತಿತ್ತು. ಆಮೇಲೆ ಕಣ್ಣು ತೆರೆದು ಬೈಯಲು ಶುರು ಮಾಡುತ್ತಿದ್ದರು.

ನಾನು ಚಿತ್ರದುರ್ಗದವಳು. ಬ್ಯಾಂಕಿನ ವರ್ಗಾವಣೆಯಿಂದ ವಿಜಯವಾಡಕ್ಕೆ ಹೋದ ವರ್ಷ, ನಮ್ಮ ಗವರ್ನರ್‌ಪೇಟೆ ಶಾಖೆಯಿಂದ ನಿವೃತ್ತರಾದ ಒಬ್ಬರು ತಮ್ಮ ಬಿಳಿ ಅಂಬಾಸಿಡರನ್ನು ನನಗೆ ಕೊಟ್ಟರು. ನನಗಿಂತ ಎರಡೇ ವರ್ಷ ಚಿಕ್ಕದು. ಶಾಖೆಯ ಗಂಡಸರಿಗೆಲ್ಲ ಅದೊಂದು ತಮಾಷೆಯಾಯಿತು. "ನಿಮಗ್ಯಾಕೆ ಮೇಡಂ ಈ ಎಮ್ಮೆ?" ಎಂದು ನಗುನಗುತ್ತಲೇ ಕೇಳುತ್ತಿದ್ದರು. ಗ್ಯಾರೇಜಿಗೆ ಹೋದರೆ, ಕಾರಿಗೇನಾಗಿದೆ ಎಂದು ನನಗೆ ಹೇಳುತ್ತಿರಲಿಲ್ಲ, "ಸಾರನ್ನ ಕಳಿಸಿ ಮೇಡಂ" ಎನ್ನುತ್ತಿದ್ದರು. ಅವರ ಮರ್ಯಾದೆಯ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಊರೆಲ್ಲ ಮರ್ಯಾದೆಯ 'ಗಾರು' ಸೇರಿಸಿ ಕರೆಯುತ್ತಿದ್ದ ಮೇಸ್ತ್ರಿಗಾರು ಮಾತ್ರ ಮೊದಲ ದಿನವೇ ಬೈದರು. ವಿಜಯವಾಡದ ಹಳೆಯ ಪೇಟೆ ಒನ್ ಟೌನಿನ ಸಗಟು ಅಂಗಡಿಗಳ ಹಿಂದಿನ ಓಣಿಯಲ್ಲಿ ಅವರ ಶೆಡ್ಡು. ತೆಲುಗರಾದರೂ ಹರೆಯದಲ್ಲಿ ಹೆಂಡತಿಯೊಡನೆ ರಾಯಚೂರಿಗೆ ಹೋಗಿ, ಲಾರಿ ಶೆಡ್ಡೊಂದರಲ್ಲಿ ಹನ್ನೆರಡು ವರ್ಷ ದುಡಿದು ಬಂದವರು. ಕನ್ನಡವನ್ನೂ ಅಲ್ಲಿಂದಲೇ ತಂದಿದ್ದರು. ಆಯಿಲ್ ನೋಡುವ ಕಡ್ಡಿಯನ್ನು ಎಳೆದು ನನ್ನ ಮೂಗಿನ ಕೆಳಗೆ ಹಿಡಿದರು.

"ಏನಮ್ಮಾ, ಇದನ್ನ ಎಂದಾದ್ರೂ ನೋಡೀರೇನು? ಗಾಡಿ ಓಡ್ಸಾಕ ಬರ್ತದ, ಕಡ್ಡಿ ಎಳಿಯಾಕ ಬರಂಗಿಲ್ಲ?"

ನಾಚಿಕೆಯಾಯಿತು, ಆದರೆ ಸಿಟ್ಟು ಬರಲಿಲ್ಲ. ನನಗೆ ತಿಳಿಯುತ್ತದೆ ಎಂದು ನಂಬಿದ್ದಕ್ಕೇ ಅವರು ಬೈದಿದ್ದು. ಅವರ ಕೋಪಕ್ಕೆ ಗಂಡು ಹೆಣ್ಣು, ಬಡವ ಶ್ರೀಮಂತ ಎಂಬ ಭೇದವಿರಲಿಲ್ಲ. "ಏನೋ ಸ್ವಲ್ಪ ಅಡ್ಜಸ್ಟ್ ಮಾಡಿ ಕೊಡಿ" ಎಂದು ಬಂದ ಗಿರಾಕಿಗಳಿಗೆಲ್ಲ ಒಂದೇ ಉತ್ತರ: "ಅಡ್ಜಸ್ಟು ಮದುವ್ಯಾಗ ಮಾಡ್ಕೋರಿ, ಇಂಜಿನ್ನಿನಾಗ ಬ್ಯಾಡ."

ನಾಲ್ಕು ವರ್ಷದ ಮೇಲೆ ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಆ ಊರಂಚಿನ ಮಧುರವಾಡದಲ್ಲಿ ಮನೆ ಮಾಡಿದೆ. ಅಲ್ಲಿ ಕಾರು ಏರು ಹತ್ತುವಾಗ ಏದುಸಿರು ಬಿಡತೊಡಗಿತು, ಆಯಿಲ್ ಕುಡಿಯತೊಡಗಿತು. ಸಿಲಿಂಡರಿನೊಳಗೆ ಆಡುವ ಪಿಸ್ಟನ್ನಿನ ಸುತ್ತಲಿನ ರಿಂಗು ಸವೆದಿದೆ ಎಂದು ನನಗೇ ಗೊತ್ತಾಯಿತು. ಮೇಸ್ತ್ರಿಗಾರ ಬಳಿಗೆ ಏಳು ಗಂಟೆಯ ದಾರಿ. ಸೋಮಾರಿತನದಿಂದ ಹತ್ತಿರದಲ್ಲೇ ಇದ್ದ, ಗಾಜಿನ ಬಾಗಿಲಿನ, ಏಸಿ ಹಾಕಿದ ಗ್ಯಾರೇಜಿಗೆ ಕೊಟ್ಟೆ. ಹದಿನೈದು ದಿನ ಇಟ್ಟುಕೊಂಡು, ತೊಳೆದು ಹೊಳೆಯಿಸಿ ಕೊಟ್ಟರು. ಒಂದು ತಿಂಗಳಿಗೆ ಹಿಂದಿನಿಂದ ನೀಲಿ ಹೊಗೆ ಏಳತೊಡಗಿತು. ಕೇಳಲು ಹೋದರೆ ಮಾಲೀಕ ತಣ್ಣೀರು ತರಿಸಿಕೊಟ್ಟು, "ಹಳೇ ಗಾಡಿ ಅಲ್ವಾ ಮೇಡಂ, ಹೊಗೆ ಬಿಡದೆ ಏನು ಬಿಡುತ್ತೆ? ಗುಜರಿಗೆ ಕೊಟ್ಟುಬಿಡಿ" ಎಂದ.

ಆ ಹೊಗೆಯನ್ನೇ ಬಿಡುತ್ತ ವಿಜಯವಾಡಕ್ಕೆ ಹೋದೆ. ಮೇಸ್ತ್ರಿಗಾರು ಇಂಜಿನ್ನಿನ ಹೆಡ್ ಬಿಚ್ಚಿದರು, ಕೆಳಗಿನಿಂದ ಆಯಿಲ್ ತುಂಬಿದ ಸಂಪ್ ಇಳಿಸಿದರು, ಒಂದೊಂದೇ ಪಿಸ್ಟನ್ನನ್ನು ಮೇಲಕ್ಕೆ ತಳ್ಳಿ ಹೊರಗೆ ತೆಗೆದರು. ಮೊದಲನೆಯದನ್ನು ಬೆಳಕಿಗೆ ಹಿಡಿದರು. ಹಣೆಯ ನರ ಉಬ್ಬಿತು.

"ಯಾವನು ಕೈ ಹಾಕ್ಯಾನ ಇದಕ್ಕ?"

ರಿಂಗಿನ ಮೇಲೆ, ಈ ಮುಖ ಮೇಲಿರಲಿ ಎಂದು ಸಣ್ಣ ಅಕ್ಷರದ ಗುರುತು ಹೊಡೆದಿರುತ್ತಾರೆ. ನಾಲ್ಕೂ ಪಿಸ್ಟನ್ನುಗಳಲ್ಲಿ ಆ ಗುರುತು ನೆಲ ನೋಡುತ್ತಿತ್ತು. ಆಯಿಲನ್ನು ಕೆಳಕ್ಕೆ ಹೆರೆಯಬೇಕಾದ ರಿಂಗು ಅದನ್ನು ಮೇಲಕ್ಕೆ ತಳ್ಳಿ ಸುಡಿಸುತ್ತಿತ್ತು. ಮೂರನೆಯದರಲ್ಲಿ ಒಂದು ರಿಂಗು ಕೂಡಿಸುವಾಗಲೇ ಮುರಿದಿತ್ತು. ಮುರಿದದ್ದನ್ನು ಹಾಗೇ ಒಳಗೆ ತುರುಕಿದ್ದರು. ಸಿಲಿಂಡರಿನ ಗೋಡೆಗೆ ಗೀರು ಬಿದ್ದಿರಲಿಲ್ಲ, ಅದೊಂದು ಪುಣ್ಯ.

"ಗೊತ್ತಿಲ್ಲದೆ ಮಾಡಿದ್ದು ಒಂದು ತಪ್ಪು. ಮುರಿದದ್ದು ಕಂಡೂ ಮುಚ್ಚಿಟ್ಟಾನಲ್ಲ, ಅದಕ್ಕೇನಂತಾರ?" ಎಂದರು. "ಹೋಗಿ ಕೇಳ್ರಿ ಅವನ್ನ."

"ನಾನು ಕೇಳಿದರೆ ನೀರು ಕೊಟ್ಟು ಕಳಿಸ್ತಾನೆ ಮೇಸ್ತ್ರಿಗಾರೂ" ಎಂದೆ.

ಅವರು ಕೈ ತೊಳೆದುಕೊಂಡರು. ಮರುದಿನ ಬೆಳಗಿನ ವಿಶಾಖಪಟ್ಟಣದ ರೈಲಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಅಂಗಿಯ ಜೇಬಿನಲ್ಲಿ ಕಾಗದ ಸುತ್ತಿದ ಮುರಿದ ರಿಂಗು. ಆಗ ಅವರಿಗೆ ಎಪ್ಪತ್ತರ ಹತ್ತಿರ. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

ಮಧುರವಾಡದ ಗ್ಯಾರೇಜಿನಲ್ಲಿ ಮಾಲೀಕ "ಕೂರ್ಚೋಂಡಿ ಮೇಡಂ" ಎಂದು ನನಗೆ ಕುರ್ಚಿ ತೋರಿಸಿದ. ಅವರಿಗೆ ತೋರಿಸಲಿಲ್ಲ. ನಾನೂ ಕೂರಲಿಲ್ಲ. ಮೇಸ್ತ್ರಿಗಾರು ಗಾಜಿನ ಮೇಜಿನ ಮೇಲೆ ಕಾಗದ ಬಿಡಿಸಿ ರಿಂಗಿನ ಎರಡು ತುಂಡುಗಳನ್ನಿಟ್ಟು, ಯಾರು ಕೂಡಿಸಿದ್ದು ಎಂದು ತೆಲುಗಿನಲ್ಲಿ ಮೆಲ್ಲಗೆ ಕೇಳಿದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಮಾಲೀಕ ಅವರತ್ತ ನೋಡದೆ ನನ್ನನ್ನು ಕೇಳಿದ: "ಈ ತಾತನ ಮಾತು ಕಟ್ಟಿಕೊಂಡು ಬಂದ್ರಾ ಮೇಡಂ?" ಆಮೇಲೆ ಟಿಶ್ಯೂ ಕಾಗದದಿಂದ ಆ ತುಂಡುಗಳನ್ನು ಬಳಿದು ಕಸದ ಬುಟ್ಟಿಗೆ ಹಾಕಿ, ಮೇಜಿನ ಮೇಲಿನ ಕಲೆ ಒರೆಸಿದ.

ಮೇಸ್ತ್ರಿಗಾರು ಬಗ್ಗಿದರು. ಬುಟ್ಟಿಗೆ ಕೈಹಾಕಿ, ಚಹಾ ಲೋಟಗಳ ನಡುವಿನಿಂದ ಎರಡೂ ತುಂಡು ಹೆಕ್ಕಿಕೊಂಡರು. ನೇರ ಒಳಗೆ, ಕೆಲಸದವರು ನಿಂತಿದ್ದಲ್ಲಿಗೆ ನಡೆದರು. ಅಲ್ಲಿ ಐದಾರು ಜನರಿದ್ದರು. ಅಕ್ಷರದ ಗುರುತನ್ನು ಒಬ್ಬೊಬ್ಬರ ಕಣ್ಣಿನ ಹತ್ತಿರ ಹಿಡಿದು ತೋರಿಸಿದರು. ಇದು ಮೇಲೆ, ಹೀಗೆ. ಮತ್ತೊಬ್ಬನಿಗೆ, ಹೀಗೆ. ಮಾಲೀಕ ಹಿಂದೆಯೇ ಬಂದು ತೋಳು ಹಿಡಿದ. ಅವರು ಕೊಡವಿಕೊಂಡು ಎಲ್ಲರಿಗೂ ತೋರಿಸಿ ಮುಗಿಸಿದರು. ನಡುವಯಸ್ಸಿನ ಒಬ್ಬ ಕೆಲಸಗಾರ ತಲೆ ತಗ್ಗಿಸಿ ನಿಂತಿದ್ದ. ರಿಂಗು ಕೂಡಿಸಿದ್ದು ಯಾರೆಂದು ಹೇಳುವ ಅಗತ್ಯವೇ ಇರಲಿಲ್ಲ. ಮೇಸ್ತ್ರಿಗಾರು ಅವನನ್ನು ಬೈಯದೆ ಹೊರಗೆ ನಡೆದರು.

ರಸ್ತೆಗೆ ಬಂದಾಗ ನನಗೆ ಸಿಟ್ಟಿಗೆ ಅಳುವೇ ಬಂತು.

"ಅಳಬ್ಯಾಡ್ರಿ," ಎಂದು ಗದರಿದರು. "ಸಿಟ್ಟು ಕಣ್ಣಾಗ ಹೋದ್ರ ನೀರು. ಕೈಯಾಗ ಬಂದ್ರ ಕೆಲಸ. ಮೂರು ದಿನ ರಜಾ ಹಾಕ್ರಿ. ರಿಂಗು ನೀವೇ ಕೂಡಿಸ್ತೀರಿ."

ವಿಜಯವಾಡದ ಶೆಡ್ಡಿಗೆ ಮರಳಿ ಕೂಡಿಸಿದೆ. ಹಳೆಯ ರಿಂಗಿನ ಚೂರಿನಿಂದ ಪಿಸ್ಟನ್ನಿನ ಸುತ್ತ ರಿಂಗು ಕೂರುವ ತೋಡುಗಳೊಳಗಿನ ಮಸಿ ಕೆರೆದೆ. ಹೊಸ ರಿಂಗನ್ನು ಬಳೆ ತೊಡಿಸುವ ಹಾಗೆ, ಬೇಕಾದಷ್ಟೇ ಅಗಲಿಸಿ ಕೂಡಿಸಬೇಕು. ಕೂದಲೆಳೆ ಹೆಚ್ಚಾದರೆ ಪಟ್ಟೆಂದು ಮುರಿಯುತ್ತದೆ. ನಾನು ಎರಡು ಮುರಿದೆ. ಎರಡು ಸಲವೂ ಓಣಿಗೆಲ್ಲ ಕೇಳುವಂತೆ ಬೈಸಿಕೊಂಡೆ. ರಿಂಗುಗಳ ಸೀಳುಬಾಯಿಗಳು ಒತ್ತಡ ಸೋರುವಂತೆ ಒಂದೇ ಸಾಲಿಗೆ ಬಂದಿದ್ದಕ್ಕೆ ಮೂರನೇ ಸಲ ಬೈಸಿಕೊಂಡೆ. ಮೂರನೆಯ ದಿನ ಸಂಜೆ ಇಂಜಿನ್ ಶುರುವಾಯಿತು. ಅವರು ಹಿಂದೆ ಹೋಗಿ ಹೊಗೆಕೊಳವೆಗೆ ಬಿಳಿ ಬಟ್ಟೆ ಹಿಡಿದು ನೋಡಿ, "ಹೂಂ" ಎಂದರು. ಅವರಿಂದ ನಾನು ಪಡೆದ ಮೆಚ್ಚುಗೆ ಅಷ್ಟೇ. ಆಮೇಲೆ ಯಾವ ಗ್ಯಾರೇಜಿನಲ್ಲೂ ಯಾರಿಗೂ ನನ್ನನ್ನು ನೀರು ಕೊಟ್ಟು ಕಳಿಸಲಾಗಲಿಲ್ಲ. ಬ್ಯಾಂಕಿನಲ್ಲೂ ಅಷ್ಟೆ.

ಹೋದ ವರ್ಷ ಅವರ ಹೆಂಡತಿ ಫೋನ್ ಮಾಡಿದರು. ಮೇಸ್ತ್ರಿಗಾರು ತೀರಿಹೋಗಿ ಹನ್ನೆರಡು ದಿನವಾಗಿತ್ತು. ರಜೆ ಹಾಕಿ ಹೊರಟೆ. ಶೆಡ್ಡಿನ ಹಿಂದಿನ ಒಂದೇ ಕೋಣೆಯ ಮನೆಯಲ್ಲಿ ಆಕೆ ಚಾಪೆ ಹಾಸಿ ಕೂರಿಸಿದರು.

"ಎದಿ ತುಂಬ ಕಫ. ವರ್ಷದಿಂದ ಇತ್ತು," ಎಂದರು. "ಆಸ್ಪತ್ರ್ಯಾಗ ನರ್ಸಮ್ಮಗ ನರ ಸಿಗಲಿಲ್ಲ. ನಾಕು ಸಲ ಸೂಜಿ ಚುಚ್ಚಿದಳು. ನಾನು, ಈಗ ಒದರ್ತಾರ ಅಂತ ನೋಡಿದೆ. 'ಪರವಾಲೇದಮ್ಮಾ', ಪರವಾಗಿಲ್ಲ ಬಿಡು, ಅಂದ್ರು. ಐವತ್ತು ವರ್ಷದಾಗ ಅವರ ಬಾಯಾಗ ಆ ಮಾತು ಕೇಳಿದ್ದಿಲ್ಲ. ಇನ್ನ ಉಳಿಯಂಗಿಲ್ಲ ಅಂತ ಅವಾಗ ಗೊತ್ತಾತು."

ಕೇಳುತ್ತಿದ್ದಂತೆ ನನಗೆ ಅವರ ಮೇಲೆಯೇ ಕೋಪ ಉಕ್ಕಿತು. ಸಾಯುವುದಕ್ಕೆ ಒಂದು ತಿಂಗಳ ಮುಂಚೆ ನನಗೆ ಫೋನ್ ಮಾಡಿದ್ದರು. ನಡುನಡುವೆ ಕೆಮ್ಮುತ್ತ, ಕಾರು ಆಯಿಲ್ ಎಷ್ಟು ಕುಡಿಯುತ್ತಿದೆ ಎಂದಷ್ಟೇ ಕೇಳಿದ್ದರು. ಯಾಕೆ ಈ ಕೆಮ್ಮು ಎಂದರೆ, ಧೂಳು ಎಂದಿದ್ದರು. ಊರವರ ಇಂಜಿನ್ನುಗಳ ಉಸಿರು ಕೇಳಿಯೇ ಕಾಯಿಲೆ ಹೇಳುತ್ತಿದ್ದ ಮನುಷ್ಯ ತನ್ನ ಎದೆಯದ್ದನ್ನು ಒಂದು ವರ್ಷ ಮುಚ್ಚಿಟ್ಟಿದ್ದರು. ಒಂದು ಮಾತು ಹೇಳಿದ್ದರೆ ಬರುತ್ತಿದ್ದೆ, ಒಳ್ಳೆಯ ಡಾಕ್ಟರಿಗೆ ತೋರಿಸುತ್ತಿದ್ದೆ. ಇದನ್ನೆಲ್ಲ ಅವರ ಎದುರು ನಿಂತು, ಓಣಿಗೆಲ್ಲ ಕೇಳುವಂತೆ ಬೈದು ಹೇಳಬೇಕಿತ್ತು. ಬೈಸಿಕೊಳ್ಳಲು ಅವರಿಲ್ಲ.