ಮೂವತ್ತಕ್ಕೆ ಮೂವತ್ತು ನೋಂಬು

ಪುತ್ತೂರಿನ ದರ್ಬೆ ಪೇಟೆಯ ಮುಖ್ಯರಸ್ತೆಯಲ್ಲಿ, ತಮ್ಮನಾದ ಅದ್ದುವಿನ ಚಪ್ಪಲಿ ಅಂಗಡಿಗೆ ತಾಗಿದ ಒಂದೇ ಕೋಣೆಯಲ್ಲಿ ಐಸಮ್ಮನ ಸಾಮ್ರಾಜ್ಯ. ಹೊಲಿಗೆ ಯಂತ್ರವೇ ಸಿಂಹಾಸನ, ಕೊರಳಲ್ಲಿ ಜೋತುಬಿದ್ದ ಅಳತೆ ಟೇಪೇ ರತ್ನಹಾರ. ಐವತ್ತನಾಲ್ಕು ವರ್ಷದ ಈ ಟೈಲರಮ್ಮನಿಗೆ ಅರ್ಧ ಪುತ್ತೂರಿನ ಹೆಂಗಸರ ಸೊಂಟದ ಸುತ್ತಳತೆ ಬಾಯಿಪಾಠ. ಶತ್ರುಸೈನ್ಯ ಬಂದು ಕತ್ತಿ ಹಿಡಿದರೂ ಅದರಲ್ಲಿ ಒಂದನ್ನೂ ಬಾಯಿಬಿಡುವವಳಲ್ಲ.

ಅಂಗಡಿಯಲ್ಲಿ ರಾಣಿ, ಮನೆಯಲ್ಲಿ ಒಂದು ಗುಪ್ತ ಸಂಘದ ಅಧ್ಯಕ್ಷೆ. ಗಂಡ ತೀರಿಹೋದ ಮೇಲೆ ಅವಳಿರುವುದು ಅದ್ದುವಿನ ಮನೆಯಲ್ಲೇ. ರಂಜಾನಿನಲ್ಲಿ ಮುಟ್ಟಾದ ಹೆಂಗಸರು ನೋಂಬು, ಎಂದರೆ ಉಪವಾಸ, ಹಿಡಿಯುವಂತಿಲ್ಲ. ತಪ್ಪಿದ ದಿನಗಳನ್ನು ಆಮೇಲೆ ಹಿಡಿದು ತೀರಿಸಬೇಕು. ಹಾಗೆಂದು ಹಸಿದ ಗಂಡಸರ ಎದುರು ಕೂತು ಚಹಾ ಹೀರಲು ಯಾರಿಗೆ ಮನಸ್ಸು ಬಂದೀತು? ಅದಕ್ಕೇ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮರೆಯಲ್ಲಿ, ಹತ್ತು ಗಂಟೆಗೆ ಸಂಘದ ಸಭೆ. ಮುಟ್ಟು ನಿಂತು ಸದಸ್ಯತ್ವ ಕಳಕೊಂಡರೂ ಐಸಮ್ಮ ಅಧ್ಯಕ್ಷಗಿರಿ ಬಿಟ್ಟುಕೊಟ್ಟಿರಲಿಲ್ಲ. ತಾನು ನೋಂಬು ಹಿಡಿದುಕೊಂಡೇ ಉಳಿದವರಿಗೆ ಚಹಾ ಮಾಡಿಕೊಡುತ್ತಿದ್ದಳು. ಲೋಟದ ಸದ್ದಿಗೆ ಅದ್ದು ಜಗಲಿಯಿಂದ, "ಯಾರು ಅಲ್ಲಿ?" ಎಂದು ಕೂಗಿದರೆ ಸಂಘದ ಉತ್ತರ ಒಂದೇ: "ಬೆಕ್ಕು!"

ಆ ಮನೆಯಲ್ಲಿ ಬೆಕ್ಕು ಸಾಕಿದ ಚರಿತ್ರೆಯೇ ಇಲ್ಲ.

ಈ ಸಲದ ರಂಜಾನಿಗೆ ಐದು ತಿಂಗಳು ಮೊದಲು ಅದ್ದುವಿನ ಮಗಳು ರಿಝ್ವಾನಾಳಿಗೆ ಸುಳ್ಯದ ಮಶೂದನೊಂದಿಗೆ ನಿಶ್ಚಿತಾರ್ಥವಾಯಿತು. ಮದುವೆ ಮಳೆಗಾಲ ಕಳೆದು. ನಿಶ್ಚಿತಾರ್ಥದ ದಿನ ಹುಡುಗನ ಕಡೆಯ ಹೆಂಗಸೊಬ್ಬರು ಬಿರಿಯಾನಿಯ ಮೂಳೆ ಚೀಪುತ್ತ, "ನಮ್ಮ ಹುಡುಗ ಸಪೂರ ಮಾರಾಯ್ರೆ, ಹುಡುಗಿ ಸ್ವಲ್ಪ ತೋರ ಆಯ್ತು" ಎಂದರು. ಹೇಳಿದವರು ಅದನ್ನು ಕೈತೊಳೆಯುವ ಮೊದಲೇ ಮರೆತರು. ಕೇಳಿದವಳು ಯುದ್ಧ ಸಾರಿದಳು.

ಬೆಳಗ್ಗೆ ಜೀರಿಗೆ ನೀರು, ಮಧ್ಯಾಹ್ನ ಸೌತೆಕಾಯಿ, ಸಂಜೆ ಮೊಟ್ಟೆಯ ಬಿಳಿಭಾಗ. ಹಳದಿಭಾಗ ದೇಶಭ್ರಷ್ಟ. ತಾಯಿ ಸಫೂರಾ ಬಿಸಿ ಪತ್ತಿರ್ ರೊಟ್ಟಿ ತಂದಿಟ್ಟರೆ ವೈರಿಯ ರಾಯಭಾರಿಯನ್ನು ಕಂಡಂತೆ ಮುಖ ತಿರುಗಿಸುವಳು. ಅರವತ್ತೊಂದು ಕಿಲೋ ಇದ್ದವಳು ನಲವತ್ತೈದಕ್ಕೆ ಇಳಿದಳು. ಮದುವೆಯ ಗೌನನ್ನು ನಾಲ್ಕು ಸಲ ಕಿರಿದು ಮಾಡಿದ್ದು ಸಾಕ್ಷಾತ್ ಐಸಮ್ಮನೇ. ಪ್ರತಿ ಸಲವೂ, "ಈಗ ನೋಡು, ಬೊಂಬೆಯ ಹಾಗೆ ಉಂಟು!" ಎಂದು ತನ್ನ ಕೈಕೆಲಸವನ್ನು ತಾನೇ ಮೆಚ್ಚಿಕೊಂಡಿದ್ದಳು.

ರಂಜಾನ್ ಬಂತು, ಹಬ್ಬದ ಹೊಲಿಗೆಯೂ ಬಂತು. ಐಸಮ್ಮ ಏಳು ಗಂಟೆಗೇ ಚಹಾ ಫ್ಲಾಸ್ಕಿಗೆ ತುಂಬಿಸಿಟ್ಟು ಅಂಗಡಿಗೆ ಓಡುತ್ತಿದ್ದಳು. ಸಂಘಕ್ಕೆ ಹಾಜರಿ ಕರೆಯುವವರಿಲ್ಲ. ರಿಝ್ವಾನಾ ಚಹಾಕ್ಕೆ ಬಾರದಿದ್ದರೂ, ಡಯಟಿನವಳಿಗೆ ಚಹಾ ಎಂತಕ್ಕೆ, ಕೋಣೆಯಲ್ಲೇ ಸೌತೆಕಾಯಿ ತಿನ್ನುತ್ತಿರಬೇಕು ಎಂದು ಸಫೂರಾಳೂ ಸುಮ್ಮನಿದ್ದಳು.

ಹಬ್ಬದ ಮಧ್ಯಾಹ್ನ, ನೆಂಟರು ತುಂಬಿದ ಮನೆಯಲ್ಲಿ, ಅದ್ದು ಎದೆಯುಬ್ಬಿಸಿ ಘೋಷಿಸಿದ: "ನನ್ನ ಮಗಳು ಈ ಸಲ ಒಂದು ನೋಂಬು ಕೂಡ ಬಿಡಲಿಲ್ಲ. ಮೂವತ್ತಕ್ಕೆ ಮೂವತ್ತು!"

ಗಂಡಸರು, "ಮಾಶಾ ಅಲ್ಲಾಹ್" ಎಂದರು. ಒಳಗೆ ಬಡಿಸುತ್ತಿದ್ದ ಹೆಂಗಸರ ಸೌಟುಗಳೆಲ್ಲ ಒಟ್ಟಿಗೇ ನಿಂತವು. ಇಪ್ಪತ್ತೊಂದರ ಹುಡುಗಿ, ಮೂವತ್ತಕ್ಕೆ ಮೂವತ್ತು! ಆ ಪುಣ್ಯದ ಲೆಕ್ಕದಲ್ಲಿ ಎಂತದೋ ತಪ್ಪಿದೆ ಎಂದು ತಿಳಿಯದಿದ್ದವರು ಮನೆಯಲ್ಲಿ ಗಂಡಸರು ಮಾತ್ರ.

ಐಸಮ್ಮ ರಿಝ್ವಾನಾಳ ಕೈಹಿಡಿದು ಒಗೆಯುವ ಕಲ್ಲಿನ ಹತ್ತಿರ ಎಳಕೊಂಡು ಹೋದಳು. ಹಿಡಿದ ಕೈ ಐಸಿನ ಹಾಗೆ ತಣ್ಣಗಿತ್ತು.

"ಎಷ್ಟು ತಿಂಗಳಾಯ್ತು?"

ಹುಡುಗಿ ಕಲ್ಲು ನೋಡುತ್ತ, "ನಾಲ್ಕು" ಎಂದಳು.

"ಉಮ್ಮನಿಗೆ ಹೇಳಿದ್ಯಾ?"

"ಇಲ್ಲ ಮಾಮಿ. ಎಂತ ಹೇಳುದು? ನನಗೆ ಇನ್ನು ಮಕ್ಕಳೇ ಆಗುದಿಲ್ವೋ ಏನೋ. ಸುಳ್ಯದವರಿಗೆ ಗೊತ್ತಾದ್ರೆ..." ಅಷ್ಟಕ್ಕೇ ಅಳು ಒತ್ತರಿಸಿ ಬಂತು.

ನಾಲ್ಕು ಸಲ ಗೌನು ಕಿರಿದು ಮಾಡಿದ ಕೈಗಳನ್ನು ಐಸಮ್ಮ ಒಮ್ಮೆ ನೋಡಿಕೊಂಡಳು. ಅರ್ಧ ಊರಿನ ಅಳತೆ ಬಲ್ಲ ಟೇಪು ಮನೆಮಗಳ ಕೊರಳಿಗೇ ಸುತ್ತಿಕೊಂಡದ್ದು ಅವಳಿಗೆ ಕಾಣಲಿಲ್ಲವಲ್ಲ!

ಮದುವೆ ಗೊತ್ತಾದ ಹುಡುಗಿ ಲೇಡಿ ಡಾಕ್ಟರ ಹತ್ತಿರ ಹೋದರೆ ಜನ ಎಂತ ಹೇಳಬಹುದು ಎಂದು, ಸಂಗತಿ ತಿಳಿದ ಸಫೂರಾ ಬೆವರಿದಳು. ಅಧ್ಯಕ್ಷೆಯ ಬಳಿ ವ್ಯೂಹ ಸಿದ್ಧವಿತ್ತು. ಕ್ಲಿನಿಕ್ಕಿನಲ್ಲಿ ಪರಿಚಯದವರು ಎದುರಾದಾಗ ಅವಳು ತಲೆಯೆತ್ತಿಯೇ, "ರೋಗಿ ನಾನು. ಹುಡುಗಿ ಜೊತೆಗೆ ಬಂದದ್ದು" ಎಂದಳು. ಈ ಪ್ರಾಯದಲ್ಲಿ ಐಸಮ್ಮನಿಗೆ ಎಂತ ಆಯಿತಪ್ಪ ಎಂದು ದರ್ಬೆ ಒಂದು ವಾರ ತಲೆಕೆಡಿಸಿಕೊಂಡಿತು. ಅವಳು ಆ ವಾರವನ್ನು ಹಬ್ಬದಂತೆ ಅನುಭವಿಸಿದಳು.

ಡಾಕ್ಟರು ಬೇರೆ ಕಾರಣ ಇಲ್ಲವೆಂದು ಖಚಿತಪಡಿಸಿಕೊಳ್ಳಲು ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮಾಡಿಸಿದರು. ಆಮೇಲೆ ಹೇಳಿದರು: "ಹೊಟ್ಟೆಗೆ ಸಾಲದಿದ್ರೆ ಶರೀರ ಮೊದಲು ಉಸಿರು, ಹೃದಯ ನೋಡಿಕೊಳ್ತದೆ. ಮುಟ್ಟಿನ ಕೆಲಸ ಸದ್ಯಕ್ಕೆ ಬೇಡ ಅಂತ ತಲೆಯಿಂದಲೇ ಅಪ್ಪಣೆ ನಿಲ್ತದೆ. ಹೀಗೇ ಬಿಟ್ರೆ ಎಲುಬು ಟೊಳ್ಳಾಗ್ತದೆ. ಸರಿಯಾಗಿ ತಿಂದು ತೂಕ ಬಂದ್ರೆ ಹೆಚ್ಚಿನವರಿಗೆ ಪುನಃ ಶುರುವಾಗ್ತದೆ. ತಿಂಗಳುಗಟ್ಟಲೆ ಹಿಡೀಬಹುದು, ಹೆದರ್ಬೇಡ. ಆದ್ರೆ ನಾನು ಹೇಳುವವರೆಗೆ ನೋಂಬು ಬೇಡ."

"ಮಕ್ಕಳು?" ರಿಝ್ವಾನಾಳ ಪರವಾಗಿ ಕೇಳಿದ್ದು ಐಸಮ್ಮ.

"ಮೊದಲು ಅನ್ನ," ಎಂದು ಡಾಕ್ಟರು ನಕ್ಕರು. "ಈಗಲೇ ಆಸೆ ಬಿಡುವಂಥದ್ದು ಎಂತದೂ ಇಲ್ಲ."

ಅನ್ನ ಎನ್ನುವುದು ಸುಲಭ. ಮೊದಲ ಪತ್ತಿರ್ ಮುಗಿಸಲು ಹುಡುಗಿಗೆ ಮುಕ್ಕಾಲು ಗಂಟೆ ಹಿಡಿಯಿತು, ನಡುವೆ ಎರಡು ಸಲ ಅತ್ತಳು. "ಗೌನು ಹಿಡಿಸ್ಲಿಕ್ಕಿಲ್ಲ ಮಾಮಿ!"

"ಗೌನು ನಿನಗೆ ಹಿಡಿಸ್ಬೇಕು, ನೀನು ಗೌನಿಗೆ ಹಿಡಿಸುದಲ್ಲ. ಇಲ್ಲಿ ನೋಡು." ಐಸಮ್ಮ ಗೌನನ್ನು ಒಳಮಗ್ಗುಲಾಗಿ ತಿರುಗಿಸಿದಳು. ನಾಲ್ಕು ಸಲ ಹೊಲಿದಿದ್ದಳೇ ಹೊರತು ಒಂದು ಸಲವೂ ಕತ್ತರಿಸಿರಲಿಲ್ಲ. ಅಷ್ಟೂ ಬಟ್ಟೆ ಒಳಗೆ ಮಡಚಿಕೊಂಡು ಕಾಯುತ್ತಿತ್ತು. "ಟೈಲರ್ ಅಂದ್ರೆ ಎಂತ ಎಣಿಸಿದ್ದಿ?"

ಏಪ್ರಿಲ್ ಹೋಯಿತು, ಮೇ ಹೋಯಿತು. ಒಂದು ವಾರ ತಿಂದರೆ ಇನ್ನೊಂದು ವಾರ ತಟ್ಟೆ ಸರಿಸುವಳು. ಐಸಮ್ಮ ಬೈಯಲಿಲ್ಲ, ಪ್ರತಿ ಊಟಕ್ಕೂ ಎದುರು ಕೂತು ತಾನೂ ತಿಂದಳು. ಹುಡುಗಿಗೆ ಆರು ಕಿಲೋ ಬರುವಷ್ಟರಲ್ಲಿ ಅತ್ತೆಗೆ ನಾಲ್ಕು ಬಂದಿತ್ತು. ಇಷ್ಟಾದರೂ ಕಾದದ್ದು ಬರಲಿಲ್ಲ.

ಮೊಹರಂ ತಿಂಗಳ ಒಂಬತ್ತನೆಯ ದಿನ ಮನೆಮಂದಿಯೆಲ್ಲ ನೋಂಬು. ಡಾಕ್ಟರ ಅಪ್ಪಣೆ ಇದ್ದ ರಿಝ್ವಾನಾ ಮಾತ್ರ ಊಟದ ಮೇಜಿನಲ್ಲೇ, ಬಾಪ ಅದ್ದುವಿನ ಎದುರಿಗೇ ತಿಂಡಿ ತಿನ್ನಬಹುದಿತ್ತು. ಆದರೂ ಹತ್ತು ಗಂಟೆಗೆ ಅವಳು ಹಿತ್ತಲಿಗೆ ಬಂದಳು. ಒಗೆಯುವ ಕಲ್ಲಿನ ಮರೆಯಲ್ಲಿ ನಿಂತು, ದುಪಟ್ಟಾದ ತುದಿ ಕಚ್ಚಿಕೊಂಡು, ಮೆಲ್ಲ ಕೇಳಿದಳು:

"ಮಾಮಿ, ಸಂಘದಲ್ಲಿ ಚಾ ಉಂಟಾ?"

ಐಸಮ್ಮ ತೊಳೆಯುತ್ತಿದ್ದ ಲೋಟ ಕಲ್ಲಿಗೆ ತಾಗಿ ಠಣ್ ಎಂದಿತು.

ಜಗಲಿಯಿಂದ ಅದ್ದು ಕೂಗಿದ: "ಯಾರು ಅಲ್ಲಿ?"

"ಬೆಕ್ಕು!" ಎಂದಳು ಐಸಮ್ಮ, ಕಣ್ಣೊರೆಸಿಕೊಳ್ಳುತ್ತ. ಆಮೇಲೆ ಒಲೆಯ ಕಡೆ ತಿರುಗಿ ಸಫೂರಾಳಿಗೆ ಹೇಳಿದಳು: "ಹಾಲು ದಪ್ಪ ಇರ್ಲಿ, ಸಕ್ಕರೆ ಎರಡು ಚಮಚ ಹಾಕು. ತಪ್ಪಿಸಿಕೊಂಡ ಬೆಕ್ಕು ಬಂದಿದೆ."