ವಿಡಿಯೊದ ಮೂಲೆಯಲ್ಲಿ ಕಾಣುವ ಮೊರ

ಸಹನಾ, ಚೇತನ — ನಮ್ಮ ಹುಣಸೆ ತೊಕ್ಕಿನ ಮೊದಲ ವಿಡಿಯೊದಲ್ಲಿ ನಾನು ಉಪ್ಪು ಹಾಕುತ್ತೇನಲ್ಲ, ಆ ಜಾಡಿ ಕೆಟ್ಟುಹೋಗಿತ್ತು. ಮೇಲೆಲ್ಲ ಬೂಷ್ಟು ಕಟ್ಟಿತ್ತು. ನೀವಿಬ್ಬರೂ ಕಾಲೇಜಿಗೆ, ಶಾಲೆಗೆ ಹೋದ ಹೊತ್ತು ನೋಡಿ ಅದನ್ನು ತಿಪ್ಪೆಗೆ ಸುರಿದೆ, ಮೇಲೆ ಬೂದಿ ಮುಚ್ಚಿದೆ, ಜಾಡಿ ತೊಳೆದು ಬಿಸಿಲಿಗೆ ಬೋರಲು ಹಾಕಿದೆ. ಸಂಜೆ ಸಹನಾ, ನೀನು ಕೇಳಿದಾಗ, “ಅದೇ ಮೊದಲು ಖರ್ಚಾಯ್ತು ಕಣಮ್ಮ” ಅಂದೆ. ಜನ ತಿಂದು ಹೊಗಳಿದ್ದು, ಇವತ್ತಿಗೂ ತರಿಸಿಕೊಂಡು ತಿನ್ನುತ್ತಿರುವುದು ನನ್ನ ಕೈಯ ಉಪ್ಪಲ್ಲ. ಹನುಮಕ್ಕನದು. ಹುಣಸೆಕಾಯಿಯ ನಾರು ತೆಗೆಯಲು ಬರುವ ಕೂಲಿಯವಳು ಅಂತ ನೀವು ತಿಳಿದಿದ್ದೀರಲ್ಲ, ಗೊಲ್ಲರಹಟ್ಟಿಯ ಹನುಮಕ್ಕ — ಅವಳದು.

ಒಂದೇ ಮನೆಯಲ್ಲಿದ್ದುಕೊಂಡು ಇದನ್ನು ಹೀಗೆ ಕಾಗದದ ಮೇಲೆ ಬರೆಯುತ್ತಿದ್ದೇನೆ ಅಂತ ನಗಬೇಡಿ. ಮುಖ ನೋಡಿ ಹೇಳಲಾರೆ. ಊರ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದ್ದು. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಕೊನೆಗೆ ಅವರೇ, “ಆಯ್ತು, ಬರೆದಾದ್ರೂ ತೋರ್ಸು” ಅನ್ನುತ್ತಿದ್ದರು. ಬರೆದು ತೋರಿಸುತ್ತಿದ್ದೆ. ಈಗಲೂ ಅಷ್ಟೇ.

ನಿಮಗೆ ಗೊತ್ತಿಲ್ಲದ್ದನ್ನು ಮೊದಲು ಹೇಳಬೇಕು. ನಮ್ಮ ಕಡೆ ಉಪ್ಪಿನಕಾಯಿ, ತೊಕ್ಕು ಹಾಕುವಾಗ ಕೈಗುಣ ನೋಡುತ್ತಾರೆ. ಕೆಲವರು ಉಪ್ಪು ಹಾಕಿದರೆ ವರ್ಷಗಟ್ಟಲೆ ಇರುತ್ತದೆ, ಕೆಲವರು ಹಾಕಿದರೆ ತಿಂಗಳು ತಡೆಯುವುದಿಲ್ಲ. ನಾನು ಮದುವೆಯಾಗಿ ಬಂದ ವರ್ಷ ನನ್ನ ಕೈಯಲ್ಲಿ ಹಾಕಿಸಿದ ಜಾಡಿ ಕೆಟ್ಟಿತು. ಮರುವರ್ಷವೂ ಕೆಟ್ಟಿತು. “ಇವಳ ಕೈ ಉಪ್ಪಿಗೆ ಆಗೋದಲ್ಲ” ಅಂದುಬಿಟ್ಟರು ನಮ್ಮ ಅತ್ತೆ. ಆಗ ಹನುಮಕ್ಕ ತೆಲುಗು ಬೆರೆಸಿ ಮಾತಾಡುವ ನಿಡುಗಲ್ ಕಡೆಯಿಂದ ಹಟ್ಟಿಗೆ ಮದುವೆಯಾಗಿ ಬಂದ ಹೊಸಬಳು, ನನ್ನದೇ ವಯಸ್ಸು, ನಮ್ಮ ಮನೆಗೆ ಬೆಣ್ಣೆ ತರುತ್ತಿದ್ದಳು. ಒಂದು ದಿನ ಅತ್ತೆ ಅವಳ ಕೈಯಲ್ಲಿ ಉಪ್ಪು ಹಾಕಿಸಿದರು. ಆ ಜಾಡಿ ಮುಂದಿನ ಹುಣಸೆ ಕಾಲದವರೆಗೂ ಇತ್ತು. ಅಲ್ಲಿಂದ ಪ್ರತಿ ವರ್ಷ ಅವಳೇ. ಬೆಳಿಗ್ಗೆ ಮಕ್ಕಳು ಏಳುವ ಮುಂಚೆ ಬರಬೇಕು, ಮಾತಾಡದೆ ಹಾಕಬೇಕು, ಯಾರ ಕಣ್ಣೂ ಬೀಳಬಾರದು — ಅದು ಅತ್ತೆ ಮಾಡಿಟ್ಟ ಪದ್ಧತಿ. ಅದಕ್ಕೇ ನೀವು ಯಾವತ್ತೂ ನೋಡಿಲ್ಲ. ಅದು ನಿಜವಾಗಿ ಕೈಗುಣವೋ, ಕಲ್ಲುಪ್ಪನ್ನು ಬೆರಳಲ್ಲಿ ಒತ್ತಿ ಒಣಗಿದೆಯೋ ಇಲ್ಲವೋ ನೋಡುವ ಅವಳ ಅಭ್ಯಾಸವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಇನ್ನೊಂದನ್ನೂ ಬರೆಯುತ್ತೇನೆ. ಉಪ್ಪು ಹಾಕಲು ಅವಳು ಅಡುಗೆಮನೆಯವರೆಗೆ ಬರಬೇಕಿತ್ತು. ಹಾಕಿದ ಮೇಲೆ ಊಟ ಮಾತ್ರ ಜಗುಲಿಯಲ್ಲಿ. ಅತ್ತೆ ಹೋದ ಮೇಲೂ ನಾನು ಅವಳಿಗೆ ಜಗುಲಿಯಲ್ಲೇ ಬಡಿಸಿದೆ. ಅವಳೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ — ಹೊಳೆಯಲಿಲ್ಲ ಅನ್ನುವುದು ಕೂಡ ಪೂರ್ತಿ ನಿಜವಲ್ಲ.

ನಿಮ್ಮ ತಾತ ತೀರಿಕೊಂಡ ವರ್ಷ ನಾನು ಹೊಸ್ತಿಲು ದಾಟಿರಲಿಲ್ಲ. ಬಾವಿಗೆ ಹೋಗುವುದಕ್ಕೂ ಜನ ನೋಡುತ್ತಾರೆ ಅಂತ ಹೆದರಿಕೆ. ಚಳಿ ಶುರುವಾಗಿತ್ತು, ಹುಣಸೆಕಾಯಿಯ ಬೀಜ ಗಟ್ಟಿಯಾಗುವ ಮುಂಚೆ ಕೀಳಬೇಕು, ನನಗೆ ಯಾವುದರ ಪರಿವೆಯೂ ಇರಲಿಲ್ಲ. ಒಂದು ಬೆಳಿಗ್ಗೆ ಹನುಮಕ್ಕ ಚೀಲದ ತುಂಬ ಕಾಯಿ ಕಿತ್ತು ತಂದು ನಡುಮನೆಯಲ್ಲಿ ನನ್ನ ಮುಂದೆ ಸುರಿದಳು.

“ಎದ್ದೇಳಕ್ಕ. ಹುಣಸೆಮರ ನಿನ್ ಗಂಡನ್ನ ಕೇಳ್ಕಂಡು ಕಾಯಿ ಬುಡಲ್ಲ.”

ಬೇರೆ ಯಾರಾದರೂ ಆ ಮಾತು ಅಂದಿದ್ದರೆ ನಾನು ಸಾಯುವವರೆಗೆ ಮರೆಯುತ್ತಿರಲಿಲ್ಲ. ಅವಳು ಅಂದದ್ದಕ್ಕೆ — ಎದ್ದೆ. ಇಬ್ಬರೂ ಕೂತು ಕುಟ್ಟಿದೆವು. ಮನೆಗೆ ಬೇಕಾದದ್ದಕ್ಕಿಂತ ಹೆಚ್ಚಾಯಿತು. “ಸಂತೇಲಿ ಮಾರಾನ” ಅಂದಳು. ನಾನು ಬರಲ್ಲ ಅಂದೆ. “ನೀ ಸೆರಗು ಹೊದ್ಕಂಡು ಹಿಂದೆ ಕೂತ್ಕ, ನಾ ಕೂಗ್ತೀನಿ” ಅಂದಳು. ಹಾಗೇ ಆಯಿತು. ಮಧುಗಿರಿ ಸಂತೆಯಲ್ಲಿ ಅವಳು ಕೂಗಿದಳು, ನಾನು ಹಿಂದೆ ಕೂತು ಎಲೆಯಲ್ಲಿ ಕಟ್ಟಿ ಕೊಟ್ಟೆ. ನಮ್ಮ ವ್ಯಾಪಾರ ಶುರುವಾದದ್ದು ಹೀಗೆ. ನಿಮ್ಮ ಬ್ಲಾಗಿನಲ್ಲಿ ಇರುವಂತೆ ಅಲ್ಲ.

ಈಗ ಆ ದಿನದ ಮಾತು. ಮೂರು ಚಳಿಗಾಲದ ಹಿಂದೆ. ಸಹನಾ, ನೀನು ಹೊಸ ಫೋನು ಹಿಡಿದು ಹಿತ್ತಲಿಗೆ ಬಂದೆ. “ಅಜ್ಜಿ, ನಮ್ ತೊಕ್ಕಿಂದು ಒಂದು ವಿಡಿಯೊ ಮಾಡಿ ಹಾಕ್ತೀನಿ, ಮುಖ ಬೇಡ, ಕೈ ಮಾತ್ರ ಸಾಕು” ಅಂದೆ. ಅವತ್ತಿನ ಬೆಳಿಗ್ಗೆಯೇ ಹನುಮಕ್ಕ ಮಾರಾಟದ ಜಾಡಿಗಳಿಗೆಲ್ಲ ಉಪ್ಪು ಹಾಕಿ ಮುಗಿಸಿದ್ದಳು. ಮನೆ ಖರ್ಚಿನ ಒಂದು ಜಾಡಿ ಮಾತ್ರ ಉಳಿದಿತ್ತು. ಅವಳು ನನ್ನ ಪಕ್ಕದಲ್ಲೇ ಮೊರ ಇಟ್ಟುಕೊಂಡು ಕಾಯಿಯ ನಾರು ತೆಗೆಯುತ್ತಿದ್ದಳು. ನೀನು ಫೋನಿನಲ್ಲಿ ಕಣ್ಣಿಟ್ಟು ಹೇಳಿದೆ: “ಅಜ್ಜಿ, ಅವ್ರು ಸ್ವಲ್ಪ ಆ ಕಡೆ ಕೂರ್ಲಿ, ಫ್ರೇಮಲ್ಲಿ ಬರ್ತಾರೆ.”

ನೀನು ಮಗು. ನಿನಗೆ ಏನೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆಗ ನಾನು ಹೇಳಬಹುದಿತ್ತು — ಉಪ್ಪು ಹಾಕುವವಳು ಅವಳು ಕಣಮ್ಮ, ತೆಗೆಯುವುದಾದರೆ ಅವಳ ಕೈ ತೆಗಿ. ಅದರ ಬದಲು ಅವಳ ಕಡೆ ತಿರುಗಿ ಅಂದೆ:

“ಅತ್ಲಾಗೆ ಕೂತ್ಕ ಕಣೆ, ಹನುಮಕ್ಕ.”

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಮೊರ ಎಳೆದುಕೊಂಡು ಸರಿದಳು.

ನಾನು ಜಾಡಿಗೆ ಉಪ್ಪು ಹಾಕಿದೆ. ನೀನು ಫೋನಿನ ಹಿಂದಿನಿಂದ ಕೇಳಿದೆ, “ಈ ಕೈರುಚಿ ನಿಮ್ ಅತ್ತೆಯಿಂದ ಬಂದಿದ್ದಾ ಅಜ್ಜಿ?” “ಹ್ಞೂಂ” ಅಂತ ತಲೆಯಾಡಿಸಿದೆ. ಅಷ್ಟೇ. ನನ್ನಂಥವಳಿಗೆ ಸುಳ್ಳು ಹೇಳಲು ಮಾತೂ ಬೇಕಾಗಲಿಲ್ಲ.

ಆ ಒಂದು ತಲೆಯಾಡಿಸುವಿಕೆಯಿಂದ ಚೇತನ ಒಂದು ಕಥೆಯನ್ನೇ ಬೆಳೆಸಿದ. ಬ್ಲಾಗಿನಲ್ಲಿ ಬರೆದ — ಮುತ್ತಜ್ಜಿ ಸೊಸೆಯ ಕೈ ಹಿಡಿದು ಉಪ್ಪಿನ ಹದ ಕಲಿಸಿದ್ದು, ಆ ಕೈಗುಣ ಮನೆಯಲ್ಲೇ ಉಳಿದದ್ದು. ಸಂಜೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಚೇತನ, ನೀನು ಪಕ್ಕದಲ್ಲಿ ಕೂತು ಓದಿ ಹೇಳಿದೆ ಕಣೋ. ಎಷ್ಟು ಚೆಂದ ಬರೆದಿದ್ದೆ! ನಮ್ಮ ಅತ್ತೆ ನನ್ನ ಕೈ ಹಿಡಿದದ್ದು ಜಾಡಿಯಿಂದ ಆಚೆ ತೆಗೆಯುವುದಕ್ಕೆ ಮಾತ್ರ. ಆದರೂ ಕೇಳುತ್ತ ಕೇಳುತ್ತ, ಹಾಗೆಯೇ ನಡೆದಿತ್ತೇನೋ ಅನ್ನಿಸಿತು. ಹಾಗೆ ನಡೆದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. “ಚೆನ್ನಾಗೈತೆ ಮಗ” ಅಂದೆ. ರೊಟ್ಟಿ ಸೀದುಹೋಯಿತು.

ಆಮೇಲೆ ಜನ ಬರೆಯಲು ಶುರುಮಾಡಿದರು. ನೋಡದ ಊರುಗಳಿಂದ, ನೋಡದ ಜನ ನನ್ನನ್ನು ಅಜ್ಜಿ ಅಂತ ಕರೆದರು. ತಾಯಿ ಕಳೆದುಕೊಂಡ ಒಬ್ಬ ಹೆಣ್ಣುಮಗಳು, ನಿಮ್ಮ ತೊಕ್ಕು ಬಾಯಿಗಿಟ್ಟಾಗ ಅಮ್ಮನ ಅಡುಗೆಮನೆ ನೆನಪಾಯಿತು ಅಂತ ಬರೆದಿದ್ದಳು. ನಿಮ್ಮಪ್ಪ ತಾನು ಕಂಡಕ್ಟರಾಗಿರುವ ಪಾವಗಡದ ಬಸ್ಸಿನಲ್ಲಿ ಡಬ್ಬಿಗಳನ್ನು ಸಾಗಿಸಿದ, ನಿಮ್ಮಮ್ಮ ಪಾರ್ಸೆಲ್ ಕಟ್ಟಲು ಕೂತಳು. ಸತ್ತವರ ಮನೆಯ ಹಾಗಿದ್ದ ನಮ್ಮ ಮನೆಯಲ್ಲಿ ಮತ್ತೆ ನಗು ಬಂತು. ಇದನ್ನು ತಂದುಕೊಟ್ಟವರು ನೀವಿಬ್ಬರು. ಈ ಋಣವನ್ನು ನಾನು ಮರೆತಿಲ್ಲ. ನಿಮ್ಮ ವಿಡಿಯೊ ಮೇಲೆ ನನಗೆ ಸಿಟ್ಟಿಲ್ಲ ಮಕ್ಕಳೇ, ನಾಚಿಕೆ ಇರುವುದು ನನ್ನ ಬಗ್ಗೆ.

ಅದೇ ದಿನಗಳಲ್ಲಿ ಯಾರೋ ಕೇಳಿದರು — ನಾವು ಮಾಡಿದರೆ ಬೂಷ್ಟು ಹಿಡಿಯುತ್ತದೆ, ಏನು ಮಾಡಲಿ ಅಂತ. ಚೇತನ ಉತ್ತರ ಬರೆದ: ನಮ್ಮಜ್ಜಿಯ ಕೈಯಲ್ಲಿ ಇವತ್ತಿನವರೆಗೆ ಒಂದು ಜಾಡಿಯೂ ಕೆಟ್ಟಿಲ್ಲ. ಅವನು ಅದನ್ನು ಜೋರಾಗಿ ಓದಿದಾಗ ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಎದುರಿಗೇ ತಿಪ್ಪೆ.

ಹನುಮಕ್ಕನಿಗೆ ಆ ವಿಡಿಯೊ ತೋರಿಸಿದ್ದು ಹಟ್ಟಿಯಲ್ಲಿ ಅವಳ ಸೊಸೆ. ಮಾರನೆಯ ಬೆಳಿಗ್ಗೆ ಎಂದಿನಂತೆ ಬಂದಳು. ಎಲೆಯಡಿಕೆ ಹಾಕಿಕೊಳ್ಳುತ್ತ ನಕ್ಕಳು.

“ಏಮಕ್ಕಾ, ಫೋನ್ನಾಗೆ ಬಲೇ ಲಕ್ಷಣವಾಗಿ ಕಾಣ್ತೀಯ! ನನ್ ಮೊರಾನೂ ಬಂದೈತೆ, ನೋಡ್ದಾ? ಮೂಲೇಲಿ. ಮೊರಕ್ಕಿರೋ ಯೋಗ ನಂಗಿಲ್ಲ.”

ಅವಳು ನಗು ನಿಲ್ಲಿಸಿ ಕೇಳಿದಳು, “ಅದ್ಸರಿ, ನೀ ಉಪ್ಪಾಕ್ದಲ್ಲ ಆ ಜಾಡಿ, ಹೆಂಗೈತೆ?”

“ಚೆನ್ನಾಗೈತೆ” ಅಂದೆ.

ಆಗ ಬೂಷ್ಟು ಬಂದು ಎರಡು ದಿನವಾಗಿತ್ತು. ತಲೆಯಾಡಿಸಿದ್ದನ್ನು ಹೆದರಿಕೆ ಅನ್ನಬಹುದು. ಇದನ್ನು ಏನನ್ನಲಿ? ಇದು ಅವಳ ಎದುರಿಗೆ ನಿಂತು, ಅವಳದೇ ಪದಾರ್ಥದ ಬಗ್ಗೆ —

ಅವಳು, “ಪೋನಿ ಬುಡು, ಚೆನ್ನಾಗಿದ್ರೆ ಸಾಕು” ಅಂದು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ಕೂತಳು. ಮರುವರ್ಷವೂ ಬಂದು ಉಪ್ಪು ಹಾಕಿದಳು, ಅದರ ಮರುವರ್ಷವೂ. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳು ಬರದೆ ಇದ್ದಿದ್ದರೆ ಒಂದೇ ಕಾಲದಲ್ಲಿ ನಿಮ್ಮ ಚಾನೆಲ್ಲೂ ನನ್ನ ಹೆಸರೂ ಮುಗಿಯುತ್ತಿದ್ದವು. ಅದು ಅವಳಿಗೂ ಗೊತ್ತಿತ್ತು.

ಹೋದ ವಾರ, ಸಹನಾ, ನೀನು ಈ ವರ್ಷ ಡಬ್ಬಿಗೆ ಅಂಟಿಸುವ ಹೊಸ ಚೀಟಿ ತೋರಿಸಿದೆ. ಪ್ರತಿ ಡಬ್ಬಿಯ ಮೇಲೂ ನನ್ನ ಕೈಯ ಚಿತ್ರ, ಕೆಳಗೆ ‘ಅಜ್ಜಿಯ ಕೈಗುಣ’. “ಓಕೆ ಅಂದ್ರೆ ಪ್ರಿಂಟಿಗೆ ಕೊಡ್ತೀನಿ” ಅಂದೆ. ನಾನು ಓಕೆ ಅನ್ನಲಿಲ್ಲ, ನೋಡಿ ಹೇಳುತ್ತೇನೆ ಅಂದೆ. ನೀನು ಮುಖ ಸಣ್ಣದು ಮಾಡಿಕೊಂಡೆ. ನಿನ್ನ ಚೀಟಿ ಚೆನ್ನಾಗಿಲ್ಲ ಅಂತಲ್ಲಮ್ಮ. ಆ ಚಿತ್ರ ಅಚ್ಚಾದರೆ ಹನುಮಕ್ಕನನ್ನು ಇನ್ನೊಮ್ಮೆ, ಇನ್ನು ವಾಪಸು ಕರೆಯಲಾಗದಂತೆ, ಆ ಕಡೆ ಕೂರಿಸಿದಂತೆ ಆಗುತ್ತಿತ್ತು.

ಇವತ್ತು ಮಧ್ಯಾಹ್ನ ನಾನೇ ಹಟ್ಟಿಗೆ ಹೋದೆ. ಇಷ್ಟು ವರ್ಷದಲ್ಲಿ ಅವಳ ಮನೆಯ ಒಳಗೆ ಕಾಲಿಟ್ಟದ್ದು ಇದೇ ಮೊದಲು. ಅವಳು ಮರಿಗೆ ಸೊಪ್ಪು ಕಟ್ಟುತ್ತಿದ್ದಳು. ನನ್ನನ್ನು ನೋಡಿ ಕಂಬಳಿ ಹಾಸಿದಳು, ಮಜ್ಜಿಗೆ ಕೊಟ್ಟಳು. ಲೋಟ ಹಿಡಿದುಕೊಂಡೇ ಹೇಳಿದೆ:

“ಆ ಜಾಡಿ ಕೆಟ್ಟೋಗಿತ್ತು ಹನುಮಕ್ಕ. ನಾನು ಸುಳ್ಳು ಹೇಳ್ದೆ.”

ಅವಳು ಸೊಪ್ಪಿನ ಕಟ್ಟು ಬಿಗಿಯುತ್ತಲೇ ಅಂದಳು, “ಗೊತ್ತು ಕಣಕ್ಕ. ಆ ವರ್ಷ ನಿಮ್ ತಿಪ್ಪೆ ಗೊಬ್ಬರ ಗಾಡಿಗೆ ತುಂಬ್ದೋಳು ಯಾರು ಅಂದ್ಕಂಡೆ? ಬೂದಿ ಮುಚ್ಚಿದ್ರೆ ಹುಣಸೆ ವಾಸ್ನೆ ಹೋಯ್ತದಾ?”

“ಗೊತ್ತಿದ್ದೂ ಯಾಕೆ ಸುಮ್ನಿದ್ದೆ?”

“ನೀ ಹೇಳ್ತೀಯೇನೋ ಅಂತ.”

ಲೋಟ ಕೆಳಗಿಟ್ಟೆ. ತಪ್ಪಾಯಿತು ಅಂದೆ. ಅವಳು ಪರವಾಗಿಲ್ಲ ಅನ್ನಲಿಲ್ಲ. ಹಾಗೆ ಅನ್ನದೆ ಇದ್ದದ್ದೇ ಒಳ್ಳೆಯದಾಯಿತು. ಈ ವರ್ಷದ ಉಪ್ಪಿಗೆ ಬರುತ್ತೀಯಾ, ಫೋನಿನ ಮುಂದೆ ನನ್ನ ಪಕ್ಕ ಕೂರುತ್ತೀಯಾ ಅಂತ ಕೇಳಿದೆ.

“ನಿಂಗೊಬ್ಳಿಗೇನಾ ನಾಚ್ಕೆ ಇರಾದು? ನಂಗಿಲ್ವಾ?” ಅಂದಳು. ಸೊಪ್ಪು ಪಕ್ಕಕ್ಕಿಟ್ಟು ಮತ್ತೆ ಅಂದಳು, “ಮೊದ್ಲು ಮೊಮ್ಮಕ್ಕಳಿಗೆ ಹೇಳು. ನಾ ಹೇಳಾಕಿಲ್ಲ, ನೀನೇ ಹೇಳ್ಬೇಕು. ಹೇಳಾದ್ಮೇಲೆ ಬಂದು ಕರಿ. ಆಗ ನೋಡಾನ.”

ಇಗೋ, ಹೇಳಿದ್ದೇನೆ.

ಜಾಡಿಗಳು ತೊಳೆದು ಒಣಗಿವೆ. ಕಾಯಿ ಕೊಯ್ದು ನಡುಮನೆಯಲ್ಲಿ ಹರಡಿದ್ದೇನೆ, ಅದು ಹೆಚ್ಚು ದಿನ ಕಾಯುವುದಿಲ್ಲ. ನೀವು ಓದಿ ಮುಗಿಸಿದ ಮೇಲೆ ನಾನು ಹಟ್ಟಿಗೆ ಹೋಗಿ ಕರೆಯುತ್ತೇನೆ. ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಬಂದರೆ ಅವಳ ಊಟ ನಮ್ಮೆಲ್ಲರ ಜೊತೆ ಒಳಗೆ. ಅವಳ ಕೈಯ ಚಿತ್ರ ತೆಗೆಯಬೇಕಾದರೆ ಸಹನಾ, ನೀನು ಅವಳನ್ನೇ ಕೇಳು, ನನ್ನನ್ನಲ್ಲ. ಬೇಡ ಅಂದರೆ ಚೀಟಿಯ ಮೇಲೆ ಯಾರ ಕೈಯೂ ಬೇಡ, ಅವಳ ಹೆಸರು ಸಾಕು — ಅದಕ್ಕೂ ಅವಳು ಒಪ್ಪಿದರೆ. ಬರದಿದ್ದರೆ ಈ ವರ್ಷ ತೊಕ್ಕಿಲ್ಲ ಅಂತ ಬರೆದು ಹಾಕಿ. ಯಾಕೆ ಅಂತಲೂ ಬರೆಯಿರಿ. ಚೇತನ, ಇದನ್ನೂ ನೀನು ಚೆಂದವಾಗಿಯೇ ಬರೆಯುತ್ತೀಯ. ಚೆಂದ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ.

ಆ ಹಳೆಯ ವಿಡಿಯೊ ಅಳಿಸಬೇಡಿ. ಮೂಲೆಯಲ್ಲಿ ಅವಳ ಮೊರ ಇದೆ. ನಾನು ಅವಳನ್ನು ಎಲ್ಲಿಗೆ ಸರಿಸಿದೆ ಅನ್ನುವುದಕ್ಕೆ ಅದೇ ಗುರುತು.

ಈ ಹಾಳೆಗಳನ್ನು ಕಲ್ಲುಪ್ಪಿನ ಮಡಕೆ ಇರುವ ಅಟ್ಟದ ಮೇಲಿಡಿ, ಅಲ್ಲಿ ತೇವ ತಾಗುವುದಿಲ್ಲ. ನನ್ನ ಅಕ್ಷರ ಅಳಿಯದಂತೆ ನೋಡಿಕೊಳ್ಳಿ. ಹನುಮಕ್ಕನಿಗೆ ಓದು ಬರದು. ನಾಳೆ ಅವಳ ಮೊಮ್ಮಕ್ಕಳು ಯಾರಾದರೂ ನಿಮ್ಮ ಬಾಗಿಲಿಗೆ ಬಂದು, ನಿಮ್ಮಜ್ಜಿ ಬರೆದಿಟ್ಟದ್ದರಲ್ಲಿ ನಮ್ಮಜ್ಜಿಯ ಮಾತು ಇದೆಯಂತಲ್ಲ ಅಂದರೆ, ಒಳಗೆ ಕರೆದು ಕೂರಿಸಿ ಅವರ ಕೈಗೇ ಕೊಡಿ. ಅಲ್ಲಿಯವರೆಗೆ ಇವು ನಿಮ್ಮ ಹತ್ತಿರ ಜೋಪಾನವಾಗಿರಲಿ.