ಕೆಸರರಸನ ಉಸಿರು

ನಮ್ಮ ಭಾವನ ಕಸುಬನ್ನು ಯಾರಿಗಾದರೂ ವಿವರಿಸುವುದೆಂದರೆ ನನಗೆ ತಲೆನೋವು. ವಿಡಿಯೊ ಗೇಮಿನಲ್ಲಿ ಬರುವ ವಿಚಿತ್ರ ಪ್ರಾಣಿಗಳಿವೆಯಲ್ಲ, ಅವನ್ನು ಮೊದಲು ಕಾಗದದ ಮೇಲೆ ಹುಟ್ಟಿಸುವವರು ಇವರು ಎಂದರೆ ಜನ "ಓ, ಕಾರ್ಟೂನಾ?" ಎನ್ನುತ್ತಾರೆ. ನಾನು ಫ್ರಿಜ್ ರಿಪೇರಿ ಮಾಡುವವನು. ನನ್ನ ಕೆಲಸಕ್ಕೆ ಈ ತಾಪತ್ರಯವಿಲ್ಲ.

ಅವರ ಕಂಪನಿಯಲ್ಲಿ ಪ್ರತಿ ಪ್ರಾಣಿಗೂ ಒಂದು ಹಾಳೆ. ಮಧ್ಯೆ ಗೆರೆ ಎಳೆದು ಎಡಕ್ಕೆ 'ಪುರಾಣ', ಬಲಕ್ಕೆ 'ವಿಜ್ಞಾನ' ಎಂದು ಬರೆದಿರುತ್ತದೆ. ಈ ಪ್ರಾಣಿ ಯಾವ ಕಥೆಯಿಂದ ಬಂತು, ಯಾವ ನಿಜವಾದ ಜೀವಿಯಿಂದ ಬಂತು, ಎರಡನ್ನೂ ತುಂಬಬೇಕು. ಎಡಗಡೆಯದು ಭಾವನಿಗೆ ನೀರು ಕುಡಿದಷ್ಟು ಸುಲಭ. ಬಲಗಡೆಯದು ಮಾತ್ರ ನಮ್ಮಕ್ಕನ ಪಾಲಿನದು. ಅಕ್ಕ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸಹಾಯಕಿಯಾಗಿದ್ದಳು. ತೊಟ್ಟಿಯ ಮೀನುಗಳಿಗೆ ಆಹಾರ ಹಾಕುವುದು, ಗಾಜಿನ ಜಾಡಿಗಳಿಗೆ ಚೀಟಿ ಅಂಟಿಸುವುದು, ಇಂಥ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ ಮಾಡಿ ಮೇಷ್ಟ್ರುಗಳಿಗೇ ತಪ್ಪು ತೋರಿಸುವಷ್ಟು ಕಲಿತಿದ್ದಳು.

ಭಾವ ಎರಡು ತಲೆಯ ಗಂಡಭೇರುಂಡವನ್ನು ಬರೆದಾಗ ನಾನೂ ಊಟಕ್ಕೆ ಹೋಗಿದ್ದೆ. ಅಕ್ಕ ಚಿತ್ರ ನೋಡಿದವಳೇ, "ಎರಡು ತಲೆ ಸರಿ ರೀ. ಹೊಟ್ಟೆ ಎಷ್ಟು?" ಎಂದಳು.

"ಒಂದು."

"ಹಾಗಾದ್ರೆ ಊಟದ ಹೊತ್ತಿಗೆ ಯಾವ ತಲೆ ಮೊದಲು ತಿನ್ನೋದು?"

ಎರಡು ತಲೆಯ ಹಾವಿನ ಮರಿ ಅಪರೂಪಕ್ಕೆ ನಿಜವಾಗಿಯೂ ಹುಟ್ಟುತ್ತದೆ, ಒಂದೇ ಇಲಿಗಾಗಿ ಎರಡು ತಲೆಗಳೂ ಕಿತ್ತಾಡುತ್ತವೆ ಎಂದು ಅಕ್ಕ ವಿವರಿಸಿದಳು. ಗೇಮಿನಲ್ಲಿ ಆ ಹಕ್ಕಿ ತನ್ನೊಂದಿಗೆ ತಾನೇ ಜಗಳವಾಡುವುದನ್ನು ನೋಡಿ ಆಟಗಾರರು ಹುಚ್ಚೆದ್ದು ಕುಣಿದರಂತೆ. ಆ ಐಡಿಯಾ ಹುಟ್ಟಿದ್ದು ಹೀಗೆ.

ಅವರಿಗೆ ಮಕ್ಕಳಿರಲಿಲ್ಲ. ಇದ್ದದ್ದು ಈ ಪ್ರಾಣಿಗಳು, ಇವುಗಳ ಜಗಳ. ಬರಬರುತ್ತ ಭಾವ ಒಂದು ಕಿತಾಪತಿ ಶುರುಮಾಡಿದರು. ಬೇಕೆಂದೇ ಒಂದು ತಪ್ಪು ಸೇರಿಸಿ, ಹಾಳೆಯನ್ನು ಊಟದ ಮೇಜಿನ ಮೇಲಿಟ್ಟು, ಏನೂ ಅರಿಯದವರ ಹಾಗೆ ಕೂರುತ್ತಿದ್ದರು. ಅಕ್ಕ ಊಟ ಆರಿಹೋಗುವವರೆಗೆ ಅದನ್ನೇ ನೋಡುತ್ತಿದ್ದಳು. ಆಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ಭಾವ ಸೋತು ಖುಷಿಪಡುತ್ತಿದ್ದರು. ಇಂಥ ಇನ್ನೊಬ್ಬ ಗಂಡಸನ್ನು ನಾನು ಕಂಡಿಲ್ಲ.

ಎರಡು ವರ್ಷದ ಹಿಂದೆ ಕಾಲೇಜಿನ ಮೆಟ್ಟಿಲ ಮೇಲೆ ಕುಸಿದುಬಿದ್ದ ಅಕ್ಕ ಮತ್ತೆ ಏಳಲಿಲ್ಲ.

ಭಾವ ಆಫೀಸಿನಲ್ಲಿ ಪ್ರಾಣಿಗಳ ಕೆಲಸ ಬೇಡವೆಂದು ಕಲ್ಲು, ಮರ, ಹಾಳುಗೋಡೆ ಬರೆಯುವ ಕೆಲಸ ಕೇಳಿ ಪಡೆದರು. ಕಲ್ಲಿಗೆ ಹೊಟ್ಟೆ ಇರುವುದಿಲ್ಲ, ಯಾರೂ ಏನೂ ಕೇಳುವುದಿಲ್ಲ. ನಾನು ಭಾನುವಾರ ಹೋದರೆ ಟಿವಿ ಹಚ್ಚಿ ಇಬ್ಬರೂ ಅದರ ಮುಂದೆ ಕೂರುತ್ತಿದ್ದೆವು. ಮಾತಾಡಲು ನಮಗೆ ಇದ್ದದ್ದು ಅಕ್ಕ ಒಬ್ಬಳೇ, ಅವಳ ಮಾತು ಎತ್ತಲು ಇಬ್ಬರಿಗೂ ಧೈರ್ಯವಿರಲಿಲ್ಲ.

ಈ ವರ್ಷ ಅವರ ಮುಖ್ಯಸ್ಥರು ಬಿಡಲಿಲ್ಲ. ಹೊಸ ಗೇಮಿನ ಬತ್ತಿದ ಕೆರೆಯನ್ನು ಕಾಯಲು ಒಂದು ಪ್ರಾಣಿ ಬೇಕು, ನೀವೇ ಮಾಡಬೇಕು ಎಂದು ಪಟ್ಟುಹಿಡಿದರು. ಭಾವ 'ಕೆಸರರಸ'ನನ್ನು ಬರೆದರು. ಪುರಾಣದ ಕಡೆ, ವರುಣನನ್ನು ಹೊತ್ತು ತಿರುಗುವ ಮಕರ: ಆನೆಯ ಸೊಂಡಿಲು, ಮೊಸಳೆಯ ದವಡೆ, ಮೀನಿನ ಬಾಲ. ಜೊತೆಗೆ ಕುಂಭಕರ್ಣನ ನಿದ್ದೆ, ಅದೂ ಏಳು ವರ್ಷದ್ದು. ವಿಜ್ಞಾನದ ಕಡೆ, ಅಕ್ಕನ ತೊಟ್ಟಿಯಲ್ಲಿದ್ದ ಒಂದು ಜಾತಿಯ ಮೀನು. ಅದಕ್ಕೆ ಶ್ವಾಸಕೋಶವಿದೆ. ಕೆರೆ ಒಣಗಿದರೆ ಕೆಸರಿನೊಳಗೆ ಹೂತುಕೊಂಡು, ಮೈಯ ಲೋಳೆಯಿಂದಲೇ ಒಂದು ಚೀಲ ಮಾಡಿಕೊಂಡು, ಬಾಯಿಯ ಹತ್ತಿರ ಗಾಳಿಗೆ ಒಂದೇ ಒಂದು ತೂತು ಬಿಟ್ಟು ಮಲಗುತ್ತದೆ. ತನ್ನ ಮಾಂಸವನ್ನೇ ಕರಗಿಸಿಕೊಂಡು ವರ್ಷಗಟ್ಟಲೆ ಬದುಕುತ್ತದೆಯಂತೆ.

ಇದೆಲ್ಲ ಭಾವನಿಗೆ ಬಾಯಿಪಾಠ. ಆದರೂ ಹಾಳೆಯಲ್ಲಿ ಆ ತೂತನ್ನು ಬರೆಯಲಿಲ್ಲ. ಶ್ವಾಸಕೋಶವನ್ನೂ ಬರೆಯಲಿಲ್ಲ. ಬಾಯಿಯನ್ನು ಬಿಗಿಯಾಗಿ ಮುಚ್ಚಿ, ಕೆನ್ನೆಯ ಪಕ್ಕ ಕಿವಿರು ಮಾತ್ರ ಇಟ್ಟರು. ಕಿವಿರಿಗೆ ನೀರು ಬೇಕು. ಒಣಗಿದ ಮಣ್ಣಿನಲ್ಲಿ ಏಳು ವರ್ಷ ಮಲಗುವ ಪ್ರಾಣಿ ಅದರಿಂದ ಉಸಿರಾಡುವುದಾದರೂ ಹೇಗೆ? ಹಾಳೆ ಎರಡು ವಾರ ಎಲ್ಲರ ಕೈಗೂ ಹೋಗುತ್ತದೆ, ಆಮೇಲೆ ಶುಕ್ರವಾರದ ಸಭೆಯಲ್ಲಿ ಸಹಿ ಬೀಳುತ್ತದೆ. ಅಷ್ಟರೊಳಗೆ ಯಾರಾದರೊಬ್ಬರು ಬಂದು "ಇದೇನ್ರೀ ಇದು?" ಎಂದು ಜಗಳ ತೆಗೆಯಲಿ ಎಂಬುದು ಅವರ ಆಸೆ. ಬೇರೇನೂ ಬೇಕಿರಲಿಲ್ಲ.

ಮಣ್ಣಿನ ಮಾದರಿ ಮಾಡುವವನು "ಬೆಂಕಿ ಸಾರ್" ಎಂದ. ಶಬ್ದ ಕೂರಿಸುವವನು ಹೆಬ್ಬೆರಳೆತ್ತಿದ. ಭಾವ ಕಿವಿರನ್ನು ಇನ್ನಷ್ಟು ದೊಡ್ಡದು ಮಾಡಿದರು, ಕೆಂಪು ಬಳಿದರು. ಹೊಸದಾಗಿ ಸೇರಿದ್ದ ಬಣ್ಣದ ವಿಭಾಗದ ಹೆಂಗಸು "ಆ ಕೆಂಪು ತುಂಬಾ ಚೆನ್ನಾಗಿ ಬಂದಿದೆ ಸಾರ್" ಎಂದಳು.

ಭಾನುವಾರ ಹಾಳೆ ನನ್ನ ಮುಂದೂ ಬಂತು.

"ನೋಡು. ಸರಿಯಾಗಿ ನೋಡು. ಏನಾದ್ರೂ ಅನ್ಸುತ್ತಾ?"

ಆ ಹೊತ್ತಿಗೆ ನನ್ನ ತಲೆಯಲ್ಲಿ ಯಾರದೋ ಮನೆಯ ಕೆಟ್ಟ ಕಂಪ್ರೆಸರ್ ಓಡುತ್ತಿತ್ತು. "ಹಲ್ಲು ಭರ್ಜರಿಯಾಗಿದೆ ಭಾವ" ಎಂದೆ.

"ಹೂಂ" ಎಂದು ಹಾಳೆಯನ್ನು ಒಳಗಿಟ್ಟರು.

ಶುಕ್ರವಾರದ ಸಭೆಯಲ್ಲಿ ನಡೆದದ್ದನ್ನು ಅವರೇ ನನಗೆ ಹೇಳಿದರು. ಮುಖ್ಯಸ್ಥರು ಪೆನ್ನಿನ ಮುಚ್ಚಳ ತೆಗೆದು, "ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದರಂತೆ. ಕೊನೆಗೆ ಭಾವನೇ ಎದ್ದುನಿಂತು, "ಇದು ಉಸಿರಾಡೋದು ಹೇಗೆ?" ಎಂದು ಕೇಳಿದರಂತೆ.

"ನೀವೇ ಮಾಡಿದ್ದಲ್ವಾ ಸಾರ್?" ಎಂದು ಮಾದರಿಯವನು ನಕ್ಕ.

"ಮಾಡಿದ್ದು ನಾನೇ. ತಪ್ಪಾಗಿದೆ. ಬಾಯಿ, ಎದೆ ಎಲ್ಲ ಮತ್ತೆ ಬರೀಬೇಕು. ಮೂರು ದಿನ ಬೇಕು."

"ಯಾರು ಗಮನಿಸ್ತಾರೆ ಸಾರ್ ಅದನ್ನ?"

"ನನ್ನ ಹೆಂಡತಿ" ಎಂದುಬಿಟ್ಟರಂತೆ. ಬಾಯಿಂದ ಹಾಗೇ ಬಂದುಬಿಟ್ಟಿತಂತೆ. ಹಳಬರೆಲ್ಲ ಮೇಜು ನೋಡಿದರು. ಬಣ್ಣದ ಹೆಂಗಸಿಗೆ ಏನೂ ಗೊತ್ತಿರಲಿಲ್ಲ, ಪಾಪ. ಸಹಾಯ ಮಾಡುವ ಮನಸ್ಸಿನಿಂದಲೇ, "ಹಾಗಾದ್ರೆ ಮನೇಲಿ ಮೇಡಂಗೆ ಒಂದ್ಸಲ ತೋರಿಸಿಬಿಡಿ ಸಾರ್. ಅವರು ಪರವಾಗಿಲ್ಲ ಅಂದ್ರೆ ಹೀಗೇ ಬಿಡೋಣ" ಎಂದಳು.

"ಅವಳು ಒಪ್ಪಲ್ಲಮ್ಮ" ಎಂದರಂತೆ ಭಾವ.

ಮುಖ್ಯಸ್ಥರು ಪೆನ್ನು ಮುಚ್ಚಿ ಮೂರು ದಿನ ಕೊಟ್ಟರು.

ಆ ಮೂರು ದಿನ ಮುಗಿದ ಮೇಲಿನ ಭಾನುವಾರ ಭಾವ ಇದನ್ನೆಲ್ಲ ಹೇಳಿ ಮುಗಿಸಿದಾಗ ನನಗೆ ನನ್ನ ಮೇಲೇ ಸಿಟ್ಟು ಬಂತು. ಹಲ್ಲಂತೆ, ಭರ್ಜರಿಯಂತೆ!

"ನಂಗೆ ಗೊತ್ತಾಗ್ಲಿಲ್ಲ ಭಾವ. ನಾನು ಓದಿದವನಲ್ಲ. ಅಕ್ಕನ ಹಾಗೆ ತಪ್ಪು ಹಿಡಿಯೋಕೆ ನನ್ನ ಕೈಲಾಗಲ್ಲ."

"ತಪ್ಪು ಹಿಡಿಯೋದು ಬಿಡೋ. ಅವಳೂ ಎಷ್ಟೋ ಸಲ ಹಿಡೀತಾ ಇರಲಿಲ್ಲ. ಆದ್ರೆ ನಾನು ಬರೆದಿದ್ದನ್ನ ಅಷ್ಟು ಹೊತ್ತು ನೋಡ್ತಿದ್ಲಲ್ಲ. ಈಗ ಯಾರೂ ನೋಡೋದೇ ಇಲ್ಲ ಕಣೋ."

ತಿದ್ದಿದ ಹಾಳೆ ಮೇಜಿನ ಮೇಲಿತ್ತು. ಟಿವಿ ಆರಿಸಿ ಅದನ್ನು ಹತ್ತಿರಕ್ಕೆ ಎಳೆದುಕೊಂಡೆ. ಸೊಂಡಿಲಿನಿಂದ ಶುರುಮಾಡಿ ಒಂದೊಂದೇ ಗೆರೆ ನೋಡುತ್ತ ಹೋದೆ. ನನಗೆ ಏನೂ ಅರ್ಥವಾಗುತ್ತಿರಲಿಲ್ಲ. ಭಾವ ಎದುರು ಕೂತು ನನ್ನ ಮುಖವನ್ನೇ ನೋಡುತ್ತಿದ್ದರು, ಹಾಗಾಗಿ ನಾನು ಕಣ್ಣು ಎತ್ತಲಿಲ್ಲ.